ಶಾರ್ಪ್ ಮಾಡುವ ಮುನ್ನ ಮಸುಕಿನ ಮೂಲ ತಿಳಿಯಿರಿ

ಫೋಟೋಗಳನ್ನು ತಿದ್ದಿ ಮುದ್ರಣಕ್ಕೆ ಅಣಿಗೊಳಿಸುವುದು ನನ್ನ ವೃತ್ತಿ. ಶಾರ್ಪನಿಂಗ್‌ಗೆ ಯಾವ ಸಾಫ್ಟ್‌ವೇರ್ ಒಳ್ಳೆಯದೆಂದು ಯಾರಾದರೂ ಕೇಳಿದರೆ, ಚಿತ್ರ ಮಸುಕಾಗಿರುವುದು ಏತರಿಂದ ಮತ್ತು ಅದನ್ನು ಎಷ್ಟು ದೊಡ್ಡದಾಗಿ ನೋಡಲಿದ್ದೀರಿ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಇವೆರಡಕ್ಕೆ ಉತ್ತರ ಸಿಗದೆ ಸಾಫ್ಟ್‌ವೇರ್ ಕೊಳ್ಳುವುದು, ರೋಗ ತಿಳಿಯದೆ ಔಷಧ ಕೊಂಡಂತೆ.

ಶಾರ್ಪನಿಂಗ್ ಎಂದರೆ ಕಳೆದುಹೋದ ವಿವರವನ್ನು ಮರಳಿ ತರುವುದು ಎಂಬ ನಂಬಿಕೆ ಸಾಮಾನ್ಯವಾಗಿದೆ. ಹೆಚ್ಚಿನ ಫಿಲ್ಟರ್‌ಗಳು ಮಾಡುವುದು ಅದನ್ನಲ್ಲ. ಅಂಚಿನ ಕಪ್ಪು ಬದಿಯನ್ನು ಇನ್ನಷ್ಟು ಕಪ್ಪಾಗಿಸಿ, ಬಿಳಿ ಬದಿಯನ್ನು ಇನ್ನಷ್ಟು ಬೆಳಗಿಸಿ, ಕಣ್ಣಿಗೆ ಸ್ಪಷ್ಟತೆಯ ಭಾಸವನ್ನು ಉಂಟುಮಾಡುತ್ತವೆ. ‘ಅನ್‌ಶಾರ್ಪ್ ಮಾಸ್ಕ್’ ಎಂಬ ಫಿಲ್ಟರ್‌ಗೆ ಈ ವಿಚಿತ್ರ ಹೆಸರು ಬಂದದ್ದು ಫಿಲ್ಮ್ ಕಾಲದ ಡಾರ್ಕ್‌ರೂಮಿನಿಂದ. ಅಲ್ಲಿ ನೆಗೆಟಿವ್‌ನ ಮಸುಕಾದ ಪಾಸಿಟಿವ್ ಪ್ರತಿಯೊಂದನ್ನು ತಯಾರಿಸಿ, ಅದನ್ನು ಮೂಲ ನೆಗೆಟಿವ್‌ಗೆ ಜೋಡಿಸಿ ಮುದ್ರಿಸುತ್ತಿದ್ದರು. ಫೋಟೋಶಾಪ್, ಗಿಂಪ್‌ನಂಥ ಫೋಟೋ ತಿದ್ದುವ ಸಾಫ್ಟ್‌ವೇರ್‌ಗಳು ಇಂದು ಅದನ್ನೇ ಲೆಕ್ಕಾಚಾರದಿಂದ ಮಾಡುತ್ತವೆ.

ಇಲ್ಲಿ ಎಚ್ಚರ ಬೇಕಾಗಿರುವುದು ರೇಡಿಯಸ್, ಅಂದರೆ ಅಂಚಿನ ಆಚೀಚೆ ಈ ಬದಲಾವಣೆ ಹರಡುವ ಅಗಲದ ವಿಷಯದಲ್ಲಿ. ವೃತ್ತಿಯ ಆರಂಭದಲ್ಲಿ ನಾನು ಒಂದು ಬೆಟ್ಟದ ಚಿತ್ರಕ್ಕೆ ರೇಡಿಯಸ್ಸನ್ನು 3 ಪಿಕ್ಸೆಲ್‌ಗೆ ಏರಿಸಿ, ಪರದೆಯ ಮೇಲೆ ಕುಗ್ಗಿಸಿ ನೋಡಿ ತೃಪ್ತಿಪಟ್ಟಿದ್ದೆ. ದೊಡ್ಡ ಹಾಳೆಯಲ್ಲಿ ಮುದ್ರಿಸಿದಾಗ ಬೆಟ್ಟದ ನೆತ್ತಿಯುದ್ದಕ್ಕೂ ಬಿಳಿ ದಾರ ಹೊಲಿದಂತೆ ಹ್ಯಾಲೋ ಎದ್ದು ಕಂಡಿತು. ಅಂದಿನಿಂದ 100% ಜೂಮ್‌ನಲ್ಲಿ ನೋಡದೆ ಯಾವ ನಿರ್ಧಾರವನ್ನೂ ಮಾಡುವುದಿಲ್ಲ.

ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲ್‌ಗಳಿಗೆ ಲೈಟ್‌ರೂಮ್ ಸಾಫ್ಟ್‌ವೇರ್ ತಾನಾಗಿಯೇ ಅಮೌಂಟ್ (ಶಾರ್ಪನಿಂಗ್‌ನ ಪ್ರಮಾಣ) 40, ರೇಡಿಯಸ್ 1.0, ಡೀಟೇಲ್ (ಸಣ್ಣ ವಿವರಗಳಿಗೆ ಕೊಡುವ ಒತ್ತು) 25 ಎಂದು ಇಟ್ಟುಕೊಳ್ಳುತ್ತದೆ, ಮಾಸ್ಕಿಂಗ್ ಮಾತ್ರ ಸೊನ್ನೆ. ಹೆಚ್ಚಿನವರು ಮುಟ್ಟದ ಈ ಕೊನೆಯ ಸ್ಲೈಡರ್ ನನ್ನ ಮಟ್ಟಿಗೆ ನಾಲ್ಕರಲ್ಲಿ ಅತ್ಯಂತ ಉಪಯುಕ್ತ. ಮುಖಚಿತ್ರವೊಂದನ್ನು ತೆರೆದು, ಆಲ್ಟ್ ಕೀಲಿಯನ್ನು (ಮ್ಯಾಕ್‌ನಲ್ಲಿ ಆಪ್ಷನ್) ಒತ್ತಿಹಿಡಿದು ಅದನ್ನು ಎಳೆದರೆ ಚಿತ್ರ ಕಪ್ಪು-ಬಿಳುಪಿಗೆ ತಿರುಗುತ್ತದೆ. ಬಿಳಿಯಾಗಿರುವಲ್ಲಿ ಮಾತ್ರ ಶಾರ್ಪನಿಂಗ್ ತಾಗುತ್ತದೆ. ಕೆನ್ನೆ, ಹಣೆಗಳು ಕಪ್ಪಿನಲ್ಲಿ ಮುಳುಗಿ, ರೆಪ್ಪೆಯ ಕೂದಲು, ತುಟಿಯ ಗೆರೆ, ಕನ್ನಡಕದ ಚೌಕಟ್ಟು ಉಳಿಯುವವರೆಗೆ ನಾನು ಎಳೆಯುತ್ತೇನೆ. ಚರ್ಮದ ರಂಧ್ರಗಳನ್ನೂ ನಾಯ್ಸ್‌ನ (ಚಿತ್ರದಲ್ಲಿ ಚುಕ್ಕಿಗಳಂತೆ ಕಾಣುವ ದೋಷ) ಕಾಳುಗಳನ್ನೂ ಶಾರ್ಪ್ ಮಾಡಿ ಯಾರಿಗೂ ಉಪಕಾರವಿಲ್ಲ. ನಾಯ್ಸ್ ಹೆಚ್ಚಿದ್ದರೆ ಮೊದಲು ಅದನ್ನು ತಗ್ಗಿಸಬೇಕು.

ಲೆನ್ಸ್‌ನ ಮೃದುತ್ವ ಅಥವಾ ತೀರಾ ಸಣ್ಣ ಅಪರ್ಚರ್‌ನ (ಲೆನ್ಸ್‌ನಲ್ಲಿ ಬೆಳಕು ಹಾಯುವ ಕಿಂಡಿ) ಡಿಫ್ರಾಕ್ಷನ್‌ನಿಂದ, ಅಂದರೆ ಬೆಳಕು ಚದುರಿ ಹರಡುವುದರಿಂದ ಬಂದ ಮಸುಕಿಗೆ ಡಿಕಾನ್ವೊಲ್ಯೂಷನ್ ಹೆಚ್ಚು ಸೂಕ್ತ. ಮಸುಕು ಹೇಗೆ ಹರಡಿತೆಂದು ಅಂದಾಜಿಸಿ ಅದನ್ನು ಹಿಮ್ಮುಖವಾಗಿ ಬಿಡಿಸುವ ಗಣಿತವಿದು. 1990ರಲ್ಲಿ ಹಾರಿದ ಹಬಲ್ ದೂರದರ್ಶಕದ ಕನ್ನಡಿ ದೋಷಯುಕ್ತವೆಂದು ತಿಳಿದಾಗ, 1993ರ ದುರಸ್ತಿಯವರೆಗೆ ಖಗೋಳವಿಜ್ಞಾನಿಗಳು ನೆಚ್ಚಿಕೊಂಡದ್ದು ಇಂಥ ವಿಧಾನಗಳನ್ನೇ. ಉಚಿತವಾಗಿ ದೊರೆಯುವ ರಾಥೆರಪಿ ಸಾಫ್ಟ್‌ವೇರ್‌ನಲ್ಲಿ ಇದು ಲಭ್ಯವಿದೆ. ಫೋಟೋಶಾಪ್‌ನ ಸ್ಮಾರ್ಟ್ ಶಾರ್ಪನ್‌ನಲ್ಲಿ ಲೆನ್ಸ್ ಬ್ಲರ್, ಮೋಷನ್ ಬ್ಲರ್ ಎಂದು ಮಸುಕಿನ ಬಗೆಯನ್ನೇ ಆರಿಸಬಹುದು. ಫೋಕಸ್ ಪೂರ್ತಿ ತಪ್ಪಿದ ಚಿತ್ರಕ್ಕೆ ಇವೂ ನೆರವಾಗುವುದಿಲ್ಲ.

ಅಂಥ ಚಿತ್ರಗಳನ್ನೂ ಉಳಿಸುತ್ತೇವೆನ್ನುವ ಎಐ ಸಾಧನಗಳು ನಿಜಕ್ಕೂ ಬೆರಗು ಹುಟ್ಟಿಸುತ್ತವೆ. ಆದರೆ ಅವು ಇಲ್ಲದ ವಿವರವನ್ನು ಊಹಿಸಿ ಬರೆಯುತ್ತವೆ: ದೂರದ ಫಲಕದ ಅಕ್ಷರಗಳು ಯಾವ ಲಿಪಿಗೂ ಸೇರದ ಗೀಟುಗಳಾಗುತ್ತವೆ, ಗುಂಪಿನ ಹಿಂಬದಿಯ ಮುಖಗಳು ಬೇರೊಬ್ಬರ ಮುಖಗಳಾಗುತ್ತವೆ. ಮನೆಯ ಆಲ್ಬಮ್‌ಗೆ ಬೇಕಾದರೆ ಬಳಸಬಹುದು. ಸುದ್ದಿ ಅಥವಾ ದಾಖಲೆಯ ಚಿತ್ರಕ್ಕೆ ಬಳಸಲು ನಾನು ಒಪ್ಪುವುದಿಲ್ಲ.

ಕೊನೆಯ ಹಂತದ ಶಾರ್ಪನಿಂಗ್ ಅಳತೆ ಬದಲಿಸಿದ ಮೇಲೆಯೇ ಆಗಬೇಕು. 6000 ಪಿಕ್ಸೆಲ್ ಅಗಲದ ಚಿತ್ರವನ್ನು 1200ಕ್ಕೆ ಇಳಿಸಿದರೆ, ಮೊದಲು ಕೊಟ್ಟ 1 ಪಿಕ್ಸೆಲ್‌ನ ಅಂಚು ಐದನೇ ಒಂದು ಭಾಗಕ್ಕೆ ಕುಗ್ಗಿ ಕಾಣದಾಗುತ್ತದೆ. ಮುದ್ರಣದಲ್ಲಿ, ಅದರಲ್ಲೂ ಶಾಯಿ ಹೀರುವ ಮ್ಯಾಟ್ ಕಾಗದದ ಮೇಲೆ, ಪರದೆಯಲ್ಲಿ ತುಸು ಒರಟೆನಿಸುವಷ್ಟು ಕೊಟ್ಟರೇ ಸರಿಹೋಗುತ್ತದೆ. ಆ ‘ತುಸು’ ಎಷ್ಟೆಂದು ತಿಳಿಯಲು ನಾನು ಚಿತ್ರದ ಮುಖ್ಯ ಭಾಗದ ಅಂಗೈಯಗಲದ ತುಂಡನ್ನು ಅಂತಿಮ ಅಳತೆಯಲ್ಲೇ, ಅದೇ ಕಾಗದದ ಮೇಲೆ ಮೂರು ಬೇರೆ ಬೇರೆ ಅಮೌಂಟ್‌ಗಳಲ್ಲಿ ಮುದ್ರಿಸಿ, ಗೋಡೆಗೆ ಅಂಟಿಸಿ, ನೋಡುಗರು ನಿಲ್ಲುವ ದೂರದಲ್ಲಿ ನಿಂತು ಆರಿಸುತ್ತೇನೆ.