ಕ್ಯಾಷ್ ಫ್ಲೋ ಲೆಕ್ಕ: ಮಾರಿದ ಒಂದು ಯಂತ್ರ ಮೂರು ಕಡೆ ಕಾಣಿಸಿಕೊಳ್ಳುವುದೇಕೆ?

ಬಿಬಿಎ ಮ್ಯಾನೇಜ್‌ಮೆಂಟ್ ಅಕೌಂಟಿಂಗ್ ಪತ್ರಿಕೆಯ ಕ್ಯಾಷ್ ಫ್ಲೋ (ನಗದಿನ ಹರಿವಿನ ಪಟ್ಟಿ) ಲೆಕ್ಕದಲ್ಲಿ ಕೊನೆಯ ನಗದು ಶಿಲ್ಕು ಹೊಂದದಿದ್ದರೆ ಮೊದಲು ನೋಡಬೇಕಾದದ್ದು ಯಂತ್ರದ ಖಾತೆಯನ್ನು. ವರ್ಷದ ನಡುವೆ ಹಳೆಯ ಯಂತ್ರವೊಂದನ್ನು ಮಾರಿದ್ದಾರೆ ಎಂಬ ಸಾಲು ಪ್ರಶ್ನೆಯ ತುದಿಯಲ್ಲಿ, ಹೆಚ್ಚುವರಿ ಮಾಹಿತಿ ಎಂಬ ತಲೆಬರಹದ ಕೆಳಗೆ ಇರುತ್ತದೆ. ಆ ಒಂದು ಸಾಲು ಲೆಕ್ಕದ ಮೂರು ಕಡೆ ಪರಿಣಾಮ ಬೀರುತ್ತದೆ: ಸವಕಳಿ, ಮಾರಾಟದ ಲಾಭ, ಹೂಡಿಕೆ ಗುಂಪು. ಲಾಭದಿಂದ ಆರಂಭಿಸಿ ನಗದಿಗೆ ಬರುವ ಪರೋಕ್ಷ ವಿಧಾನದಲ್ಲಿ ನನಗೆ ಬಹಳ ಹೊತ್ತು ಹಿಡಿದದ್ದು ಅದೇ. ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ಚೌಕಟ್ಟು, ಬೇಗನೆ

ನಗದಿನ ಹರಿವನ್ನು ಕಾರ್ಯಾಚರಣೆ (ದಿನನಿತ್ಯದ ವ್ಯಾಪಾರ), ಹೂಡಿಕೆ (ಆಸ್ತಿ ಕೊಳ್ಳುವುದು, ಮಾರುವುದು), ಹಣಕಾಸು (ಬಂಡವಾಳ, ಸಾಲ) ಎಂದು ಮೂರು ಗುಂಪು ಮಾಡಬೇಕು. ಇಲ್ಲಿ ಅನುಸರಿಸಿರುವುದು ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ಹೊರಡಿಸಿದ ಎಎಸ್ 3 ಎಂಬ ಲೆಕ್ಕಪತ್ರ ಮಾನದಂಡವನ್ನು. ಕೊಂಡ ದಿನದಿಂದ ಮೂರು ತಿಂಗಳೊಳಗೆ ಅವಧಿ ಮುಗಿಯುವ, ಮೌಲ್ಯ ಏರಿಳಿಯುವ ಭಯವಿಲ್ಲದ ಹೂಡಿಕೆಗಳನ್ನೂ ಅದು ನಗದಿಗೆ ಸಮಾನ ಎಂದೇ ಎಣಿಸುತ್ತದೆ. ಬೋನಸ್ ಷೇರು ಕೊಟ್ಟರೆ, ಷೇರು ಕೊಟ್ಟು ಕಟ್ಟಡ ಕೊಂಡರೆ ನಗದು ಕೈ ಬದಲಾಗುವುದಿಲ್ಲ. ಆದ್ದರಿಂದ ಅವಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ.

ಬಡ್ಡಿಯ ಬಗ್ಗೆ ಒಂದು ಎಚ್ಚರಿಕೆ. ಬ್ಯಾಂಕಿನಂತಹ ಹಣಕಾಸು ಸಂಸ್ಥೆಯಲ್ಲದ ಕಂಪನಿ ಕೊಟ್ಟ ಬಡ್ಡಿ ಎಎಸ್ 3ರ ಪ್ರಕಾರ ಹಣಕಾಸು ಗುಂಪಿಗೆ ಹೋಗುತ್ತದೆ, ಪಡೆದ ಬಡ್ಡಿ ಮತ್ತು ಡಿವಿಡೆಂಡ್ ಹೂಡಿಕೆ ಗುಂಪಿಗೆ. ಅಮೆರಿಕದ ನಿಯಮದಲ್ಲಿ ಕೊಟ್ಟ ಬಡ್ಡಿಯೂ ಪಡೆದ ಬಡ್ಡಿಯೂ ಕಾರ್ಯಾಚರಣೆಯಲ್ಲೇ ಇರುತ್ತವೆ. ಯೂಟ್ಯೂಬ್‌ನಲ್ಲಿ ಅಮೆರಿಕದ ಅಧ್ಯಾಪಕರ ಪಾಠ ಕೇಳಿ ಬಂದವರು ಇದನ್ನು ನೆನಪಿಟ್ಟುಕೊಳ್ಳಿ. ಪಾಠ ಸರಿಯಾಗಿಯೇ ಇರುತ್ತದೆ, ನಮ್ಮ ಉತ್ತರ ಪತ್ರಿಕೆಗೆ ಮಾತ್ರ ಹೊಂದುವುದಿಲ್ಲ.

ಲೆಕ್ಕದ ಅಂಕಿಗಳು

ಒಂದು ಕಲ್ಪಿತ ಪೀಠೋಪಕರಣ ಕಂಪನಿಯನ್ನು ತೆಗೆದುಕೊಳ್ಳೋಣ. ಎಲ್ಲ ಅಂಕಿಗಳೂ ರೂಪಾಯಿಯಲ್ಲಿ.

ಯಂತ್ರಗಳ ಮೂಲಬೆಲೆ: ಆರಂಭದಲ್ಲಿ 8,00,000, ಕೊನೆಯಲ್ಲಿ 10,50,000
ಸಂಚಿತ ಸವಕಳಿ (ಯಂತ್ರದ ಸವೆತಕ್ಕೆಂದು ವರ್ಷವರ್ಷ ಲಾಭದಿಂದ ಕಳೆದು ಕೂಡಿದ ಮೊತ್ತ): ಆರಂಭದಲ್ಲಿ 2,00,000, ಕೊನೆಯಲ್ಲಿ 2,60,000
ಹೆಚ್ಚುವರಿ ಮಾಹಿತಿ: 1,20,000ಕ್ಕೆ ಕೊಂಡಿದ್ದ, 50,000 ಸವಕಳಿ ಕೂಡಿದ್ದ ಯಂತ್ರವನ್ನು 85,000ಕ್ಕೆ ಮಾರಲಾಗಿದೆ.

ಹೊಸದಾಗಿ ಎಷ್ಟಕ್ಕೆ ಯಂತ್ರ ಕೊಂಡರು, ಈ ವರ್ಷ ಎಷ್ಟು ಸವಕಳಿ ಹಾಕಿದರು ಎಂಬುದನ್ನು ಪ್ರಶ್ನೆ ಹೇಳುವುದಿಲ್ಲ. ಎರಡನ್ನೂ ನಾವೇ ಹುಡುಕಬೇಕು.

ಆತುರದಲ್ಲಿ ಕೈ ಹೋಗುವುದು ನೇರ ಕಳೆಯುವುದಕ್ಕೆ: 10,50,000ದಿಂದ 8,00,000 ಕಳೆದರೆ 2,50,000, ಅದೇ ಖರೀದಿ. ಇದು ತಪ್ಪು. 8,00,000ದ ಯಂತ್ರಗಳಲ್ಲಿ 1,20,000ದ್ದು ಹೊರಗೆ ಹೋಗಿದೆ, ಒಳಗೆ ಉಳಿದದ್ದು 6,80,000. ಅದು ಕೊನೆಗೆ 10,50,000 ಆಗಬೇಕಾದರೆ 3,70,000ದ ಖರೀದಿ ನಡೆದಿರಲೇಬೇಕು.

ಸವಕಳಿಗೂ ಇದೇ ದಾರಿ. ಯಂತ್ರ ಹೊರಟಾಗ ಅದರ ಮೇಲೆ ಕೂಡಿದ್ದ 50,000 ಸವಕಳಿಯೂ ಖಾತೆಯಿಂದ ಹೊರಡುತ್ತದೆ. 2,00,000ದಲ್ಲಿ 50,000 ಹೋದರೆ ಉಳಿಯುವುದು 1,50,000, ಕೊನೆಯಲ್ಲಿ ಇರುವುದು 2,60,000. ಆದ್ದರಿಂದ ಈ ವರ್ಷ ಹಾಕಿದ್ದು 1,10,000. ಎರಡು ಶಿಲ್ಕುಗಳ ವ್ಯತ್ಯಾಸವಾದ 60,000ವನ್ನೇ ಸವಕಳಿ ಎಂದು ಬರೆದರೆ 50,000 ಕೈಬಿಟ್ಟುಹೋಗುತ್ತದೆ.

ಇನ್ನು ಮಾರಾಟದ ಲಾಭ. ಮೂಲಬೆಲೆಯಲ್ಲಿ ಸವಕಳಿ ಕಳೆದು ಉಳಿದ ಪುಸ್ತಕಮೌಲ್ಯ 70,000, ಸಿಕ್ಕಿದ್ದು 85,000, ಲಾಭ 15,000.

15,000ವನ್ನು ಕಳೆಯುವುದೇಕೆ?

ತರಗತಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದೇ: ಲಾಭ ಬಂದಿದೆ, ಹಣವೂ ಕೈಗೆ ಬಂದಿದೆ, ಹಾಗಿದ್ದರೆ ಕಳೆಯುವುದೇಕೆ?

ಪರೋಕ್ಷ ವಿಧಾನ ಆರಂಭವಾಗುವುದು ತೆರಿಗೆಗೆ ಮುಂಚಿನ ನಿವ್ವಳ ಲಾಭದಿಂದ. ಆ ಲಾಭದೊಳಗೆ ಈ 15,000 ಆಗಲೇ ಸೇರಿ ಕುಳಿತಿದೆ. ಇತ್ತ ಹೂಡಿಕೆ ಗುಂಪಿನಲ್ಲಿ ನಾವು ಪೂರ್ತಿ 85,000 ಬರೆಯುತ್ತೇವೆ. 85,000ದಲ್ಲಿ 70,000 ಪುಸ್ತಕಮೌಲ್ಯ, 15,000 ಲಾಭ. ಮೇಲೆ ಕಳೆಯದೆ ಬಿಟ್ಟರೆ ಅದೇ 15,000 ರೂಪಾಯಿ ಕಾರ್ಯಾಚರಣೆಯಲ್ಲಿ ಒಮ್ಮೆ, ಹೂಡಿಕೆಯಲ್ಲಿ ಇನ್ನೊಮ್ಮೆ, ಒಟ್ಟು ಎರಡು ಸಲ ಎಣಿಕೆಗೆ ಬರುತ್ತದೆ. ಕಳೆಯುವಾಗ ನಾವು ಆ ಹಣ ಬಂದಿಲ್ಲ ಎನ್ನುತ್ತಿಲ್ಲ, ಅದು ಪೀಠೋಪಕರಣ ಮಾರಿ ಬಂದ ಹಣವಲ್ಲ, ಅದರ ಜಾಗ ಕೆಳಗಿದೆ ಎನ್ನುತ್ತಿದ್ದೇವೆ.

ಹಾಗಾದರೆ ಹೂಡಿಕೆಯಲ್ಲಿ 70,000 ಮಾತ್ರ ಬರೆದು, ಲಾಭವನ್ನು ಮೇಲೆಯೇ ಬಿಟ್ಟರೆ? ಕೊನೆಯ ಶಿಲ್ಕೇನೋ ಹೊಂದುತ್ತದೆ. ಆದರೆ ಎರಡೂ ಗುಂಪುಗಳ ಮೊತ್ತ ಸುಳ್ಳಾಗುತ್ತದೆ. ಬ್ಯಾಂಕಿನವರು ಸಾಲ ಕೊಡುವ ಮುನ್ನ ಈ ಪಟ್ಟಿ ನೋಡುವುದೇ ವ್ಯಾಪಾರದಿಂದ ಎಷ್ಟು ಹುಟ್ಟಿತು, ಆಸ್ತಿ ಮಾರಿ ಎಷ್ಟು ಬಂತು ಎಂಬುದನ್ನು ಬೇರೆ ಬೇರೆಯಾಗಿ ತಿಳಿಯಲು. ಶಿಲ್ಕು ಹೊಂದಿತೆಂದು ಅಂಕವೂ ಪೂರ್ತಿ ಸಿಗುತ್ತದೆ ಎಂದುಕೊಳ್ಳಬೇಡಿ.

ನಷ್ಟವಾಗಿದ್ದರೆ ಇದೇ ತರ್ಕ ತಿರುಗುಮುರುಗಾಗಿ ನಡೆಯುತ್ತದೆ: ನಷ್ಟವನ್ನು ಕೂಡಿಸಬೇಕು.

ಸವಕಳಿ ನಗದು ತರುವುದಿಲ್ಲ

ಸವಕಳಿಯೂ ಒಂದು ನಗದಿನ ಮೂಲ ಎಂದು ಕೆಲವು ಗೈಡುಗಳಲ್ಲಿ ಬರೆದಿರುತ್ತಾರೆ. ಈ ವಾಕ್ಯವನ್ನು ದಯವಿಟ್ಟು ಬಾಯಿಪಾಠ ಮಾಡಬೇಡಿ. ಸವಕಳಿಯನ್ನು ಕೂಡಿಸುವುದು ಅದನ್ನು ಮೊದಲೇ ಲಾಭದಿಂದ ಕಳೆದಿರುವ ಕಾರಣಕ್ಕೆ, ಅಷ್ಟೇ. ಪರೀಕ್ಷಿಸಿ ನೋಡಿ: ಕಂಪನಿ 1,10,000ದ ಬದಲು 2,20,000 ಸವಕಳಿ ಹಾಕಿದ್ದರೆ ತೆರಿಗೆಗೆ ಮುಂಚಿನ ಲಾಭ 1,10,000 ಇಳಿಯುತ್ತಿತ್ತು, ಕೂಡಿಸುವ ಮೊತ್ತ 1,10,000 ಏರುತ್ತಿತ್ತು. ನಗದಿನಲ್ಲಿ ಒಂದು ರೂಪಾಯಿಯೂ ಬದಲಾಗುತ್ತಿರಲಿಲ್ಲ. ಆದಾಯ ತೆರಿಗೆಯ ಸವಕಳಿಯನ್ನು ಆ ಕಾಯ್ದೆಯ ದರದಲ್ಲಿ ಬೇರೆಯಾಗಿಯೇ ಲೆಕ್ಕ ಹಾಕುವುದರಿಂದ ಪುಸ್ತಕದ ಸವಕಳಿ ಏರಿತೆಂದು ತೆರಿಗೆಯೂ ಇಳಿಯುವುದಿಲ್ಲ.

ನಿವ್ವಳ ಮೌಲ್ಯ ಮಾತ್ರ ಕೊಟ್ಟಿದ್ದರೆ

ಕೆಲವು ಪ್ರಶ್ನೆಗಳಲ್ಲಿ ಸಂಚಿತ ಸವಕಳಿ ಎಂಬ ಸಾಲೇ ಇರುವುದಿಲ್ಲ. ಯಂತ್ರ ಎಂದು ಆರಂಭದಲ್ಲಿ 6,00,000, ಕೊನೆಯಲ್ಲಿ 7,90,000 ಮಾತ್ರ ಕಾಣುತ್ತದೆ, ಸವಕಳಿ 1,10,000 ಎಂದು ಹೆಚ್ಚುವರಿ ಮಾಹಿತಿಯಲ್ಲಿ ಹೇಳಿರುತ್ತಾರೆ. ಆಗ ಒಂದೇ ಖಾತೆ ಸಾಕು, ಆದರೆ ಹೊರಗೆ ಹೋಗುವುದು ಮೂಲಬೆಲೆಯಲ್ಲ, ಪುಸ್ತಕಮೌಲ್ಯ. 6,00,000ದಿಂದ 70,000 ಮತ್ತು 1,10,000 ಕಳೆದರೆ 4,20,000. 7,90,000 ತಲುಪಲು 3,70,000 ಬೇಕು, ಮೇಲಿನ ಉತ್ತರವೇ ಬಂತು. ನಿವ್ವಳ ಮೌಲ್ಯದ ಖಾತೆಯಿಂದ 1,20,000 ಕಳೆದವರಿಗೆ ಖರೀದಿ 4,20,000 ಎಂದು ಬರುತ್ತದೆ. ಖಾತೆ ಬರೆಯುವ ಮುನ್ನ ಇದು ಮೂಲಬೆಲೆಯೋ ನಿವ್ವಳವೋ ಎಂದು ಬದಿಯಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ.

ಉಳಿದ ಭಾಗ

ಲಾಭ ನಷ್ಟ ಖಾತೆಯ ಶಿಲ್ಕು 1,50,000ದಿಂದ 2,30,000ಕ್ಕೆ ಏರಿದೆ, ಅಂದರೆ 80,000 ಹೆಚ್ಚಳ. ಸಾಮಾನ್ಯ ಮೀಸಲಿಗೆ ವರ್ಗಾಯಿಸಿದ್ದು 40,000, ಕೊಟ್ಟ ಡಿವಿಡೆಂಡ್ 60,000. ತೆರಿಗೆಯ ಅವಕಾಶ (ತೆರಿಗೆಗೆಂದು ತೆಗೆದಿಟ್ಟ ಮೊತ್ತ) 45,000ದಿಂದ 55,000 ಆಗಿದೆ, ವರ್ಷದಲ್ಲಿ ಕಟ್ಟಿದ ತೆರಿಗೆ 42,000, ಹಾಗಾಗಿ ಈ ವರ್ಷ ಹೊಸದಾಗಿ ತೆಗೆದಿಟ್ಟಿದ್ದು 52,000. ಮೀಸಲು, ಡಿವಿಡೆಂಡ್, ತೆರಿಗೆ ಮೂರನ್ನೂ ಲಾಭದಿಂದಲೇ ತೆಗೆದದ್ದು, ಆದ್ದರಿಂದ ಎಲ್ಲ ಕೂಡಿ ತೆರಿಗೆಗೆ ಮುಂಚಿನ ಲಾಭ 2,32,000. ಇಲ್ಲಿ ಕೂಡಿಸುವುದು ತೆಗೆದಿಟ್ಟ 52,000, ಕೆಳಗೆ ಕಳೆಯುವುದು ಕಟ್ಟಿದ 42,000.

ಡಿವಿಡೆಂಡ್ ಬಗ್ಗೆ ಒಂದು ಮಾತು. ಲೆಕ್ಕಪತ್ರ ಮಾನದಂಡಗಳಿಗೆ ಆದ 2016ರ ತಿದ್ದುಪಡಿಯ ನಂತರ ಪ್ರಸ್ತಾಪಿತ ಡಿವಿಡೆಂಡನ್ನು ಬ್ಯಾಲೆನ್ಸ್ ಶೀಟ್‌ನಲ್ಲಿ ಹೊಣೆಯಾಗಿ ತೋರಿಸುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವವರಿಗೆ ಆ ಸಾಲು ಸಿಗುತ್ತದೆ, ಗಾಬರಿಯಾಗಬೇಡಿ. ಈಗ ಹಿಂದಿನ ವರ್ಷ ಪ್ರಸ್ತಾಪಿಸಿದ್ದು ಈ ವರ್ಷ ಪಾವತಿಯಾಗಿದೆ ಎಂದು ಹಿಡಿಯುತ್ತೇವೆ.

ತೆರಿಗೆಗೆ ಮುಂಚಿನ ಲಾಭ 2,32,000
ಕೂಡಿಸಿ: ಸವಕಳಿ 1,10,000, ಡಿಬೆಂಚರ್ (ಸಾಲಪತ್ರ) ಬಡ್ಡಿ 30,000 (ಇದರ ಜಾಗ ಹಣಕಾಸು ಗುಂಪು)
ಕಳೆಯಿರಿ: ಯಂತ್ರ ಮಾರಾಟದ ಲಾಭ 15,000
ಮೊತ್ತ 3,57,000
ಗಿರಾಕಿಗಳ ಬಾಕಿ ಏರಿದ್ದು 90,000 ಕಳೆಯಿರಿ, ದಾಸ್ತಾನು ಇಳಿದದ್ದು 25,000 ಕೂಡಿಸಿ, ಪೂರೈಕೆದಾರರಿಗೆ ಕೊಡಬೇಕಾದ ಬಾಕಿ ಏರಿದ್ದು 40,000 ಕೂಡಿಸಿ: 3,32,000
ಕಟ್ಟಿದ ತೆರಿಗೆ 42,000 ಕಳೆದರೆ ಕಾರ್ಯಾಚರಣೆಯಿಂದ 2,90,000
ಹೂಡಿಕೆ: ಖರೀದಿಗೆ ಹೋದದ್ದು 3,70,000, ಮಾರಾಟದಿಂದ ಬಂದದ್ದು 85,000, ನಿವ್ವಳ ಹೊರಹರಿವು 2,85,000
ಹಣಕಾಸು: ಹೊಸ ಡಿಬೆಂಚರ್‌ನಿಂದ 1,00,000, ಬಡ್ಡಿಗೆ 30,000, ಡಿವಿಡೆಂಡ್‌ಗೆ 60,000, ನಿವ್ವಳ ಒಳಹರಿವು 10,000
ನಗದಿನ ಹೆಚ್ಚಳ 15,000. ಆರಂಭದ ಶಿಲ್ಕು 48,000, ಕೊನೆಯದು 63,000.

(ಹೆಚ್ಚಳವೂ 15,000, ಯಂತ್ರದ ಲಾಭವೂ 15,000. ಅದು ಕೇವಲ ಕಾಕತಾಳೀಯ, ಒಂದಕ್ಕೊಂದು ಸಂಬಂಧವಿಲ್ಲ.)

ಹೊಂದದಿದ್ದಾಗ: ವ್ಯತ್ಯಾಸವನ್ನು ಅರ್ಧ ಮಾಡಿ

ಈ ಉಪಾಯ ನನಗೆ ಬಹಳ ಅಚ್ಚುಮೆಚ್ಚು. ಉತ್ತರದ ಶಿಲ್ಕಿಗೂ ಬ್ಯಾಲೆನ್ಸ್ ಶೀಟ್‌ನ ಶಿಲ್ಕಿಗೂ ಇರುವ ವ್ಯತ್ಯಾಸವನ್ನು ಬರೆದುಕೊಳ್ಳಿ. ಆ ಮೊತ್ತ ಪ್ರಶ್ನೆಯಲ್ಲೋ ನೀವು ತೆಗೆದ ಖಾತೆಗಳಲ್ಲೋ ಇದ್ದರೆ ಅದನ್ನು ಪೂರ್ತಿ ಬಿಟ್ಟಿದ್ದೀರಿ. ಅದರ ಅರ್ಧ ಇದ್ದರೆ ಚಿಹ್ನೆ ತಿರುವುಮುರುವಾಗಿದೆ, ಏಕೆಂದರೆ ಕಳೆಯಬೇಕಾದದ್ದನ್ನು ಕೂಡಿಸಿದಾಗ ವ್ಯತ್ಯಾಸ ಇಮ್ಮಡಿಯಾಗುತ್ತದೆ.

ನಮ್ಮ ಲೆಕ್ಕದಲ್ಲಿ ಶಿಲ್ಕು 78,000 ಬಂದರೆ ವ್ಯತ್ಯಾಸ 15,000: ಮಾರಾಟದ ಲಾಭವನ್ನು ಕಳೆದಿಲ್ಲ. 93,000 ಬಂದರೆ ವ್ಯತ್ಯಾಸ 30,000, ಅರ್ಧ 15,000: ಅದನ್ನು ಕೂಡಿಸಿಬಿಟ್ಟಿದ್ದೀರಿ. 30,000 ಎಂಬುದು ಡಿಬೆಂಚರ್ ಬಡ್ಡಿಯೂ ಹೌದು, ಆದ್ದರಿಂದ ಬಡ್ಡಿಯನ್ನು ಹಣಕಾಸು ಗುಂಪಿನಲ್ಲಿ ಕಳೆಯಲು ಮರೆತಿರಬಹುದು. ಎರಡನ್ನೂ ನೋಡಿ. 2,43,000 ಬಂದರೆ ವ್ಯತ್ಯಾಸ 1,80,000, ಅರ್ಧ 90,000: ಗಿರಾಕಿಗಳ ಬಾಕಿಯ ಚಿಹ್ನೆ ತಪ್ಪಾಗಿದೆ. ಇದ್ಯಾವುದಕ್ಕೂ ಸಿಗದೆ ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು: 52,000ವನ್ನು 25,000 ಎಂದು ಬರೆದರೆ ವ್ಯತ್ಯಾಸ 27,000. ಎರಡು ಮೂರು ತಪ್ಪುಗಳು ಒಟ್ಟಿಗೆ ಇದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಖಾತೆಗಳನ್ನು ಮತ್ತೆ ತೆಗೆಯಬೇಕು.

ಪಟ್ಟಿ ಹೊಂದಿತೆಂದ ಮಾತ್ರಕ್ಕೆ ಹಣ ಇದೆ ಎಂದಾಗುವುದಿಲ್ಲ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ಬಿ. ರಾಮಲಿಂಗ ರಾಜು ಬರೆದ ಪತ್ರದ ಪ್ರಕಾರ ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಕ್ಯಾಷ್ ಫ್ಲೋ ತನ್ನ ಶಿಲ್ಕನ್ನು ಬ್ಯಾಲೆನ್ಸ್ ಶೀಟ್‌ನ ಶಿಲ್ಕಿನೊಂದಿಗೆ ಹೋಲಿಸಬಲ್ಲದು, ಬ್ಯಾಂಕಿನಲ್ಲಿ ನಿಜವಾಗಿ ಎಷ್ಟಿದೆ ಎಂದು ನೋಡಲಾರದು. ಅದನ್ನು ಬ್ಯಾಂಕಿನಿಂದಲೇ ನೇರವಾಗಿ ದೃಢೀಕರಿಸಿಕೊಳ್ಳಬೇಕಾದವರು ಲೆಕ್ಕಪರಿಶೋಧಕರು. ಆಡಿಟಿಂಗ್ ಪತ್ರಿಕೆ ಓದುವಾಗ ಈ ಕೊಂಡಿಯನ್ನು ಬಿಡಬೇಡಿ.

ಬಿಡಿಸಿ ನೋಡಿ

ಅದೇ ಯಂತ್ರ 85,000ದ ಬದಲು 55,000ಕ್ಕೆ ಹೋಗಿದೆ ಎಂದುಕೊಳ್ಳಿ. 15,000 ನಷ್ಟ, ಲಾಭ ನಷ್ಟ ಖಾತೆಯ ಹೆಚ್ಚಳ 80,000ದ ಬದಲು 50,000. ಉಳಿದದ್ದೆಲ್ಲ ಮೊದಲಿನಂತೆಯೇ. ತೆರಿಗೆಗೆ ಮುಂಚಿನ ಲಾಭ 2,02,000 ಆಗುತ್ತದೆ, ನಷ್ಟದ 15,000 ಕೂಡಿಸಿದಾಗ ಮೊತ್ತ ಮತ್ತೆ 3,57,000ಕ್ಕೇ ಬಂದು ನಿಲ್ಲಬೇಕು. ಪೀಠೋಪಕರಣದ ವ್ಯಾಪಾರ ಬದಲಾಗಿಲ್ಲ, ಆದ್ದರಿಂದ ಕಾರ್ಯಾಚರಣೆಯ 2,90,000ವೂ ಬದಲಾಗುವುದಿಲ್ಲ. ಹೂಡಿಕೆಯ ಹೊರಹರಿವು 3,15,000, ಕೊನೆಯ ಶಿಲ್ಕು 33,000.