ಮರೆಯಲ್ಲಿ ಕೂತು ಬೆಳಕು ಕೂಡಿಡುವುದು

ಹೊಳೆದಂಡೆಯ ಬಂಡೆ ಮೇಲೆ ನೀರುನಾಯಿ ಹತ್ತಿ ಕೂತಾಗ ಸಂಜೆಯ ಬೆಳಕು ಹೆಚ್ಚೂಕಡಿಮೆ ಮುಗಿದಿತ್ತು. ಬೆಳಿಗ್ಗೆಯಿಂದ ಬಟ್ಟೆಯ ಪುಟ್ಟ ಗೂಡೊಳಗೆ ಕೂತು ನನ್ನ ಕಾಲು ಜೋಮು ಹಿಡಿದಿದ್ದವು. ಅದು ಮೀನು ತಿಂದಿತು, ಮೈ ಕೊಡವಿತು, ನೀರಿಗಿಳಿಯಿತು. ಎಲ್ಲ ಸೇರಿ ಒಂದೂವರೆ ನಿಮಿಷ. ಆಮೇಲೆ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಕಪ್ಪು ಬಂಡೆ, ಕಪ್ಪು ಪ್ರಾಣಿ, ಚಿತ್ರದ ತುಂಬ ಮರಳು ಚೆಲ್ಲಿದ ಹಾಗೆ ಕಾಳುಕಾಳು. ‘ಬಿಡು, ಈಗ ಸಾಫ್ಟ್‌ವೇರ್ ಎಲ್ಲ ಸರಿ ಮಾಡುತ್ತೆ ಅಲ್ವಾ?’ ಅಂದ ಗೆಳೆಯ.

ಎಲ್ಲ ಸರಿ ಮಾಡುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಬೆಳಕನ್ನು ಎಣಿಸಬೇಕು.

ಬೆಳಕು ಫೋಟಾನ್ ಎಂಬ ಬಿಡಿ ಬಿಡಿ ಕಣಗಳಾಗಿ ಬರುತ್ತದೆ, ಮಳೆಹನಿಗಳ ಹಾಗೆ. ಅಂಗಳದಲ್ಲಿ ಒಂದೇ ಅಳತೆಯ ಬಟ್ಟಲುಗಳನ್ನು ಸಾಲಾಗಿ ಇಟ್ಟಿದ್ದೀರಿ ಅಂದುಕೊಳ್ಳಿ. ಒಂದು ಕ್ಷಣ ತುಂತುರು ಬಂದು ನಿಂತರೆ ಒಂದು ಬಟ್ಟಲಿಗೆ 3 ಹನಿ ಬಿದ್ದಿರುತ್ತದೆ, ಪಕ್ಕದ್ದಕ್ಕೆ 7. ಅದೇ ಜೋರು ಮಳೆ ಸ್ವಲ್ಪ ಹೊತ್ತು ಸುರಿದರೆ ಎಲ್ಲದರಲ್ಲೂ ನೀರು ಸರಿಸುಮಾರು ಸಮ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಪಿಕ್ಸೆಲ್‌ಗಳು ಈ ಬಟ್ಟಲುಗಳು. ಸರಾಸರಿ 100 ಫೋಟಾನ್ ಬೀಳುವ ಕಡೆ ಏರುಪೇರು ಸುಮಾರು 10, ಅಂದರೆ ಶೇಕಡ 10. ಸರಾಸರಿ 10,000 ಬೀಳುವ ಕಡೆ ಏರುಪೇರು 100, ಅಂದರೆ ಶೇಕಡ 1 ಮಾತ್ರ. ಏರುಪೇರು ಯಾವಾಗಲೂ ಎಣಿಕೆಯ ವರ್ಗಮೂಲದಷ್ಟು. ಮಬ್ಬಿನಲ್ಲಿ ತೆಗೆದ ಚಿತ್ರದ ಕಾಳುಕಾಳು ಬಹುಪಾಲು ಇದೇ. ಇದನ್ನೇ ‘ನಾಯ್ಸ್’ ಅನ್ನುತ್ತಾರೆ. ಕ್ಯಾಮೆರಾ ಎಷ್ಟೇ ಒಳ್ಳೆಯದಿದ್ದರೂ ಇದು ತಪ್ಪುವುದಿಲ್ಲ, ಬೆಳಕಿನ ಗುಣವೇ ಹಾಗೆ. ಹಿಡಿದ ಬೆಳಕಿನ ಸಂಕೇತವನ್ನು ಕ್ಯಾಮೆರಾದೊಳಗೆ ಹಿಗ್ಗಿಸುವ ಐಎಸ್‌ಒ ಏರಿಸಿದರೆ ಚಿತ್ರ ಬೆಳ್ಳಗಾಗುತ್ತದೆ, ಆದರೆ ಬಟ್ಟಲಿಗೆ ಒಂದು ಹನಿಯೂ ಜಾಸ್ತಿ ಬೀಳುವುದಿಲ್ಲ.

ಹಾಗಾಗಿ ಚಿತ್ರ ಚೆನ್ನಾಗಿರಬೇಕಾದರೆ ಪ್ರಾಣಿಯ ಮೈಯಿಂದ ಬರುವ ಫೋಟಾನ್‌ಗಳನ್ನು ಆದಷ್ಟು ಕೂಡಿಡಬೇಕು. ಅಡಗಿ ಕೂರುವ ಮರೆ, ಅಂದರೆ ಛಾಯಾಗ್ರಾಹಕರ ಬಾಯಲ್ಲಿ ‘ಹೈಡ್’, ಮಾಡುವುದು ಇದನ್ನೇ. ಅದು ಬರೀ ಬಚ್ಚಿಟ್ಟುಕೊಳ್ಳುವ ಜಾಗ ಅಲ್ಲ, ಬೆಳಕು ಹಿಡಿಯುವ ಉಪಕರಣ ಅಂತಲೇ ನಾನು ನಂಬಿದ್ದೇನೆ. ದೂರ ಅರ್ಧವಾದರೆ ಪ್ರಾಣಿ ಚಿತ್ರದಲ್ಲಿ ಎರಡು ಪಟ್ಟು ಎತ್ತರ, ಎರಡು ಪಟ್ಟು ಅಗಲ ಕಾಣುತ್ತದೆ. ಅಂದರೆ ನಾಲ್ಕು ಪಟ್ಟು ಪಿಕ್ಸೆಲ್, ಅದರ ಮೈಯಿಂದ ನಾಲ್ಕು ಪಟ್ಟು ಫೋಟಾನ್. ನಡುವಿನ ಗಾಳಿಯೂ ಅರ್ಧ. ಬಿಸಿಲಿಗೆ ಕಾದ ನೆಲದ ಮೇಲೆ ಗಾಳಿ ಕುಣಿಯುತ್ತಾ ಬೆಳಕನ್ನು ಬಾಗಿಸುತ್ತದೆ. ಎಷ್ಟು ಉದ್ದದ ಲೆನ್ಸ್ ಹಾಕಿದರೂ ಆ ನಡುಕ ಹೋಗುವುದಿಲ್ಲ, ಹತ್ತಿರ ಹೋದರೆ ಮಾತ್ರ ಕಡಿಮೆಯಾಗುತ್ತದೆ.

ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಗಾಬರಿಯಾದ ಪ್ರಾಣಿ ಓಡುತ್ತದೆ, ಓಡುವುದನ್ನು ಹಿಡಿಯಲು ಸೆಕೆಂಡಿನ 1000ನೇ ಒಂದು ಭಾಗ ಮಾತ್ರ ಶಟರ್ (ಬೆಳಕು ಒಳಬಿಡುವ ಬಾಗಿಲು) ತೆರೆಯಬೇಕು. ನೆಮ್ಮದಿಯಾಗಿ ಕೂತ ಪ್ರಾಣಿಗೆ, ಕ್ಯಾಮೆರಾ ಟ್ರೈಪಾಡಿನ ಮೇಲಿದ್ದರೆ, 125ನೇ ಒಂದು ಭಾಗವೂ ಸಾಕು. ಎಂಟು ಪಟ್ಟು ಬೆಳಕು! ಪ್ರಾಣಿಯ ನೆಮ್ಮದಿಯೇ ನಮಗೆ ಬೆಳಕಾಗಿ ಸಿಗುತ್ತದೆ.

ಈ ನೆಮ್ಮದಿ ಕೆಡಿಸದಿರಲು ಹಿಂದಿನವರು ಪಟ್ಟ ಪಾಡು ನೆನೆದರೆ ಗೌರವ ಮೂಡುತ್ತದೆ. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಎಂಬ ಅಣ್ಣತಮ್ಮ 1900ರ ಆಸುಪಾಸಿನಲ್ಲಿ ನಿಜವಾದ ಎತ್ತಿನ ಚರ್ಮದಿಂದ ಟೊಳ್ಳು ಎತ್ತು ಮಾಡಿಸಿ, ಅದರ ಹೊಟ್ಟೆಯೊಳಗೆ ನಿಂತು ಹಕ್ಕಿಗಳ ಚಿತ್ರ ತೆಗೆದರು. ಅಮೆರಿಕದ ಜಾರ್ಜ್ ಶೈರಸ್ ಪ್ರಾಣಿಗಳ ದಾರಿಗೆ ತಂತಿ ಕಟ್ಟಿ, ಅವೇ ತಮ್ಮ ಚಿತ್ರ ತೆಗೆದುಕೊಳ್ಳುವ ಹಾಗೆ ಮಾಡಿದರು. 1906ರ ಜುಲೈ ತಿಂಗಳ ನ್ಯಾಷನಲ್ ಜಿಯೊಗ್ರಾಫಿಕ್ ಪತ್ರಿಕೆಯಲ್ಲಿ ಅವರ 74 ಚಿತ್ರಗಳು ಬಂದವು. ಬ್ರಿಟನ್ನಿನ ಹಕ್ಕಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ ಅವರದ್ದು ನೋವಿನ ಕಥೆ. 1937ರಲ್ಲಿ ಗೂಬೆಯೊಂದರ ಗೂಡಿನ ಬಳಿ ಕಟ್ಟಿದ್ದ ಹೈಡ್‌ಗೆ ಹೋಗುವಾಗ ಆ ಗೂಬೆ ಎರಗಿ ಅವರ ಎಡಗಣ್ಣು ಹೋಯಿತು. ಗೂಬೆಯದ್ದೇನು ತಪ್ಪು? ಅದು ಮರಿ ಕಾಯುತ್ತಿತ್ತು. ಗೂಡಿನ ಬಳಿ ಹೈಡ್ ಹಾಕುವುದು ಬೇಡವೇ ಬೇಡ ಅನ್ನುವವನು ನಾನು. ತಾಯಿಹಕ್ಕಿ ಸ್ವಲ್ಪ ಹೊತ್ತು ದೂರ ಹೋದರೂ ಮೊಟ್ಟೆ ತಣ್ಣಗಾಗುತ್ತದೆ.

ನಮ್ಮ ಕಣ್ಣಿಗೆ ಕಾಣದಂತೆ ಅಡಗಿದರೆ ಸಾಲದು, ಪ್ರಾಣಿಯ ಕಣ್ಣಿಗೆ ಕಾಣದಂತೆ ಅಡಗಬೇಕು. ಇವೆರಡೂ ಬೇರೆ ಬೇರೆ. ನಮ್ಮ ಕಣ್ಣಿನಲ್ಲಿ ಬಣ್ಣ ಹಿಡಿಯುವ ಕೋಶಗಳು ಮೂರು ಬಗೆ, ಜಿಂಕೆ ಜಾತಿಗೆ ಎರಡೇ ಬಗೆ. ಕಿತ್ತಳೆ ಬಣ್ಣವನ್ನೂ ಹಸಿರನ್ನೂ ಅವು ಬೇರೆ ಮಾಡಿ ನೋಡಲಾರವು. ಕಿತ್ತಳೆ ಮೈಯ ಹುಲಿ ಹಸಿರು ಪೊದೆಯಲ್ಲಿ ಅಡಗಿ ಬದುಕುವುದು ಇದರಿಂದಲೇ. ಆದರೆ ಜಿಂಕೆಗಳಿಗೆ ನೀಲಿ ಮತ್ತು ಅದರಾಚೆಯ ಅತಿನೇರಳೆ ನಮಗಿಂತ ಚೆನ್ನಾಗಿ ಕಾಣುತ್ತದೆ. ಬಟ್ಟೆ ಬೆಳ್ಳಗೆ ಹೊಳೆಯಲೆಂದು ಕೆಲವು ಸೋಪಿನ ಪುಡಿಗಳಲ್ಲಿ ಹಾಕುವ ವಸ್ತು ಅತಿನೇರಳೆಯನ್ನು ಹೀರಿ ನೀಲಿ ಬೆಳಕಾಗಿ ಬಿಡುತ್ತದೆ. ಅಂಥ ಪುಡಿಯಲ್ಲಿ ಒಗೆದ ಹಸಿರು ಅಂಗಿ ನಮಗೆ ಎಲೆಯ ಹಾಗೆ ಕಂಡರೂ ಜಿಂಕೆಗೆ ಎದ್ದು ಕಾಣಬಹುದು. ಹಕ್ಕಿಗಳಿಗಂತೂ ಬಣ್ಣದ ಕೋಶಗಳು ನಾಲ್ಕು ಬಗೆ.

ಬಣ್ಣಕ್ಕಿಂತ ಹೆಚ್ಚು ಕೆಡಿಸುವುದು ಅಲುಗಾಟ ಮತ್ತು ವಾಸನೆ. ಗಾಳಿ ಪ್ರಾಣಿಯ ಕಡೆಯಿಂದ ನಮ್ಮ ಕಡೆ ಬೀಸಬೇಕು. ಹೈಡ್‌ನ ಹಿಂಬದಿಯ ಬಟ್ಟೆ ದಪ್ಪಗಿರಬೇಕು, ಇಲ್ಲದಿದ್ದರೆ ಹಿಂದಿನ ಬೆಳಕಿಗೆ ನಮ್ಮ ನೆರಳು ಕಿಂಡಿಯಲ್ಲಿ ಆಡುತ್ತದೆ. ಲೆನ್ಸ್ ತಿರುಗಿಸುವುದಾದರೆ ಗಡಿಯಾರದ ಮುಳ್ಳಿನಷ್ಟು ನಿಧಾನ. ಹಳಬರ ಒಂದು ಉಪಾಯ ಈಗಲೂ ನಡೆಯುತ್ತದೆ: ಇಬ್ಬರು ಒಳಗೆ ಹೋಗಿ ಒಬ್ಬರು ಹೊರಗೆ ಬರುವುದು. ಎಷ್ಟೋ ಹಕ್ಕಿಗಳು ಹೈಡ್ ಖಾಲಿಯಾಯಿತು ಅಂದುಕೊಳ್ಳುತ್ತವೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ದೊಡ್ಡ ಅನುಕೂಲ. ಆದರೆ ಬಹಳಷ್ಟು ಕ್ಯಾಮೆರಾಗಳಲ್ಲಿ ಅದು ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಬಡಿಯುತ್ತಿರುವ ರೆಕ್ಕೆ ಡೊಂಕಾಗಿ ಬರುತ್ತದೆ.

ಈಗ ಚಿತ್ರ ತಿದ್ದುವ ಮಾತು. ‘ನಾನು ಏನೂ ತಿದ್ದುವುದಿಲ್ಲ’ ಅನ್ನುವವರಿದ್ದಾರೆ. ಕ್ಯಾಮೆರಾ ಆಗಲೇ ತಿದ್ದಿರುತ್ತದೆ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ಒಂದೊಂದು ಪಿಕ್ಸೆಲ್ ಕೆಂಪು, ಹಸಿರು, ನೀಲಿಗಳಲ್ಲಿ ಒಂದೇ ಬಣ್ಣವನ್ನು ಅಳೆಯುತ್ತದೆ. ಉಳಿದೆರಡನ್ನು ಅಕ್ಕಪಕ್ಕದವನ್ನು ನೋಡಿ ಲೆಕ್ಕ ಹಾಕುತ್ತಾರೆ. ಇಂದಿನ ಹೆಚ್ಚಿನ ಕ್ಯಾಮೆರಾಗಳು ಹೀಗೇ ಇವೆ. ಆದ್ದರಿಂದ ನಾವು ಕೇಳಬೇಕಾದ್ದು ತಿದ್ದಬೇಕೋ ಬೇಡವೋ ಅಂತಲ್ಲ, ತಿದ್ದುವಾಗ ಪ್ರಾಣಿಯಿಂದ ಬಂದ ಬೆಳಕಿಗೆ ನಿಷ್ಠರಾಗಿದ್ದೇವಾ ಅಂತ.

ಮೊದಲನೆಯದಾಗಿ ರಾ ಫೈಲ್, ಅಂದರೆ ಸೆನ್ಸರ್ ಅಳೆದದ್ದನ್ನು ಹಾಗೆಯೇ ಇಟ್ಟಿರುವ ಕಡತ, ಉಳಿಸಿಕೊಳ್ಳಿ. 14 ಬಿಟ್ಟಿನ ರಾ ಫೈಲಿನಲ್ಲಿ ಕಪ್ಪಿನಿಂದ ಬಿಳುಪಿನವರೆಗೆ 16,384 ಮೆಟ್ಟಿಲುಗಳಿವೆ, ಮಾಮೂಲಿ ಜೆಪೆಗ್‌ನಲ್ಲಿ 256. ನೆರಳಿನ ಭಾಗವನ್ನು ಮೇಲೆತ್ತುವಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಪ್ರಾಣಿ ಅಲ್ಲಾಡದೆ ಕೂತಿದ್ದರೆ ಒಂದರ ಹಿಂದೊಂದು 16 ಚಿತ್ರ ತೆಗೆದು ಸರಾಸರಿ ಮಾಡಬಹುದು. ನಾಯ್ಸ್ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದೇ ವರ್ಗಮೂಲದ ಲೆಕ್ಕ. ಹಗಲು ತೂಕಡಿಸುವ ಗೂಬೆಗೆ ಇದು ಚೆನ್ನಾಗಿ ಹೊಂದುತ್ತದೆ.

ಮಸುಕು ತೆಗೆಯುವುದು ಕಷ್ಟದ ಕೆಲಸ. ‘ಶಾರ್ಪನ್’ ಗುಂಡಿ ಹೊಸ ವಿವರ ತರುವುದಿಲ್ಲ, ಅಂಚುಗಳ ಕಪ್ಪು ಬಿಳುಪನ್ನು ಸ್ವಲ್ಪ ಹೆಚ್ಚಿಸುತ್ತದೆ ಅಷ್ಟೇ. ನಿಜವಾಗಿ ಮಸುಕನ್ನು ಹಿಮ್ಮುಖವಾಗಿ ಬಿಡಿಸುವ ಗಣಿತವೂ ಇದೆ. 1990ರಲ್ಲಿ ಹಾರಿದ ಹಬಲ್ ದೂರದರ್ಶಕದ ಕನ್ನಡಿ ತಪ್ಪಾಗಿ ಉಜ್ಜಲ್ಪಟ್ಟಿತ್ತು. 1993ರ ಡಿಸೆಂಬರಿನಲ್ಲಿ ರಿಪೇರಿ ಆಗುವವರೆಗೆ ವಿಜ್ಞಾನಿಗಳು ಈ ಗಣಿತದಿಂದಲೇ ಹಲವು ಚಿತ್ರಗಳನ್ನು ತಿಳಿಯಾಗಿಸಿದರು. ನಕ್ಷತ್ರ ಒಂದು ಚುಕ್ಕೆಯಾಗಿ ಕಾಣಬೇಕು ಅಂತ ಗೊತ್ತಿದ್ದರಿಂದ ಮಸುಕಿನ ಆಕಾರ ಅವರಿಗೆ ತಿಳಿದಿತ್ತು. ಆದರೂ ತೀರಾ ಮಂದವಾದ ಕಾಯಗಳು ಸಿಗಲಿಲ್ಲ, ಬೆಳಕು ಸಾಲದಿದ್ದರೆ ಗಣಿತವೂ ಕೈಚೆಲ್ಲುತ್ತದೆ. ನಮ್ಮ ಕೈ ಹೇಗೆ ನಡುಗಿತು ಅಂತ ನಮಗಂತೂ ಗೊತ್ತಿರುವುದಿಲ್ಲ.

ಕೃತಕ ಬುದ್ಧಿಮತ್ತೆಯ ಸಾಧನಗಳು ಇಲ್ಲಿ ಬೇರೆ ದಾರಿ ಹಿಡಿಯುತ್ತವೆ. ಅಸಂಖ್ಯ ಚಿತ್ರ ನೋಡಿ ಕಲಿತ ಅವು, ಬೆಳಕು ಸಾಲದ ಕಡೆ ‘ಇಲ್ಲಿ ಇಂಥ ಕೂದಲು ಇರಬಹುದು’ ಅಂತ ತುಂಬುತ್ತವೆ. ನೋಡಲು ಚೆಂದ. ಆದರೆ ಅಪರೂಪದ ಪ್ರಾಣಿಯ ಚಿತ್ರ ಒಂದು ಸಾಕ್ಷಿಯೂ ಹೌದು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದುಹೋದಾಗ ತಾನಾಗಿ ಕ್ಲಿಕ್ಕಿಸುವ ಕ್ಯಾಮೆರಾ) ಚಿತ್ರಗಳಲ್ಲಿ ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸಿ, ಒಟ್ಟು ಎಷ್ಟಿರಬಹುದು ಅಂತ ಲೆಕ್ಕ ಹಾಕಿದರು. ದಕ್ಷಿಣ ಅಮೆರಿಕದ ದೈತ್ಯ ನೀರುನಾಯಿಗಳನ್ನು ಕತ್ತಿನ ಕೆಳಗಿನ ತಿಳಿ ಮಚ್ಚೆಗಳಿಂದ ಗುರುತಿಸುತ್ತಾರೆ. ಇಲ್ಲದ ಪಟ್ಟೆಯೊಂದನ್ನು ಕಂಪ್ಯೂಟರ್ ಬರೆದರೆ ಇಲ್ಲದ ಹುಲಿಯೊಂದು ಹುಟ್ಟುತ್ತದೆ.

ನನ್ನ ನೀರುನಾಯಿಯ ಚಿತ್ರವನ್ನೂ ಅಂಥ ಸಾಧನಕ್ಕೆ ಕೊಟ್ಟು ನೋಡಿದೆ. ಕಾಳುಕಾಳು ಹೋಯಿತು, ಮೈಕೂದಲು ಬಿಡಿಬಿಡಿಯಾಗಿ ಮೂಡಿತು, ಹಿಂದಿನ ಬಂಡೆ ನುಣ್ಣಗಾಯಿತು. ಖುಷಿಯಾಯಿತು. ಆಮೇಲೆ ಯಾಕೋ ಸಮಾಧಾನವಾಗದೆ ರಾ ಫೈಲಿಗೆ ಮರಳಿ, ನೆರಳನ್ನಷ್ಟೇ ಮೆಲ್ಲಗೆ ಮೇಲೆತ್ತಿದೆ. ಒಂದರ ಹಿಂದೊಂದು ತೆಗೆದ 9 ಚಿತ್ರಗಳನ್ನು ಬಂಡೆಯ ಅಂಚಿಗೆ ಹೊಂದಿಸಿ ಸರಾಸರಿ ಮಾಡಿದೆ. ನೀರುನಾಯಿ ಅಲುಗಾಡಿದ್ದರಿಂದ ಅದು ಮಸುಕಾಯಿತು. ಆದರೆ ಅದರ ಹಿಂದೆ, ಬಂಡೆಯ ಸಂದಿನಲ್ಲಿ, ಸಣ್ಣದೊಂದು ತಲೆ ಕಂಡಿತು. ಎರಡು ಕಿವಿ, ಒಂದು ಮೂಗು. ಮರಿ. ಆ ಒಂದೂವರೆ ನಿಮಿಷವೂ ಅದು ಅಲ್ಲಾಡದೆ ನನ್ನ ಕಡೆಯೇ ನೋಡುತ್ತಿತ್ತು. ನುಣ್ಣಗೆ ಮಾಡಿದ ಚಿತ್ರದಲ್ಲಿ ಅದು ಕಲ್ಲಾಗಿಬಿಟ್ಟಿತ್ತು.

ಆ ಕಾಳುಕಾಳಿನ ಚಿತ್ರವನ್ನೇ ಇಟ್ಟುಕೊಂಡಿದ್ದೇನೆ. ಫೈಲಿನೊಳಗೆ ಕ್ಯಾಮೆರಾ ತಾನಾಗಿ ಬರೆದಿದ್ದ ಜಾಗದ ಗುರುತನ್ನು ಅಳಿಸಿ ಗೆಳೆಯನಿಗೆ ಕಳಿಸಿದೆ. ಮರಿ ಇರುವ ಜಾಗ ಯಾರಿಗೂ ಗೊತ್ತಾಗಬಾರದು. ಅದು ದೊಡ್ಡದಾಗುವವರೆಗೆ ಆ ಬಂಡೆಯ ಕಡೆ ನಾನೂ ಹೋಗಲಿಲ್ಲ.