ಡಿಸೆಂಬರಿನ ವೇಗ, ಮೇ ತಿಂಗಳ ಬಿಸಿಲು

ರಾಯಚೂರಿನಿಂದ ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡ್ ಸುಮಾರು 400 ಕಿಲೋಮೀಟರ್. ಹೈದರಾಬಾದ್ ಅದರ ಅರ್ಧ ದೂರ. ಹಾಗಾಗಿ ಕಂಪ್ಯೂಟರ್ ಸಾಮಾನು ಬೇಕಾದರೆ ನಮ್ಮ ಕಡೆಯವರು ಬೆಳಿಗ್ಗೆ ಬಸ್ ಹತ್ತಿ ಸಿಕಂದರಾಬಾದಿನ ಸಿಟಿಸಿ ಎಂಬ ಕಂಪ್ಯೂಟರ್ ಮಾರುಕಟ್ಟೆಗೆ ಹೋಗುತ್ತಾರೆ. ನಾನು ಸೆಕೆಂಡ್ ಹ್ಯಾಂಡ್ ಕಾಂಬೊ ತಂದದ್ದೂ ಅಲ್ಲಿಂದಲೇ. ಎಎಮ್‌ಡಿಯ ರೈಜೆನ್ 5 1600 ಪ್ರೊಸೆಸರ್, ಅದರ ಜೊತೆ ಒಂದು ಬಿ350 ಮದರ್‌ಬೋರ್ಡ್.

ಆಗ ಡಿಸೆಂಬರ್. ಆರೂ ಕೋರುಗಳು ಒಟ್ಟಿಗೆ ದುಡಿಯುವಾಗ ಈ ಚಿಪ್ ತನ್ನ ಪಾಡಿಗೆ 3.4 ಗಿಗಾಹರ್ಟ್ಸ್‌ನಲ್ಲಿ ಓಡುತ್ತದೆ. ನಾನು ಬಯೋಸ್‌ಗೆ, ಅಂದರೆ ಬೋರ್ಡಿನ ಸೆಟ್ಟಿಂಗ್ ಪರದೆಗೆ, ಹೋಗಿ ಅದನ್ನು 3.8ಕ್ಕೆ ಏರಿಸಿದೆ. ಹೀಗೆ ವೇಗ ಏರಿಸುವುದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಚಿಪ್ಪನ್ನು ಪೂರ್ತಿ ದುಡಿಸಿ ನೋಡುವ ಸ್ಟ್ರೆಸ್ ಟೆಸ್ಟನ್ನು ರಾತ್ರಿಯಿಡೀ ಓಡಿಸಿದರೂ ಒಂದು ತಪ್ಪೂ ಬರಲಿಲ್ಲ. ತುಂಬಾ ಖುಷಿಯಾಯಿತು. ನಾಲ್ಕು ತಿಂಗಳು ಚೆನ್ನಾಗಿಯೇ ನಡೆಯಿತು.

ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ ಮದುವೆ ವಿಡಿಯೊ ಎಕ್ಸ್‌ಪೋರ್ಟ್‌ಗೆ ಹಾಕಿ ಊಟಕ್ಕೆ ಕೂತಿದ್ದೆ. ಎದ್ದು ಬಂದು ನೋಡಿದರೆ ಪರದೆ ನೀಲಿ. ಮತ್ತೆ ಹಾಕಿದೆ, ಮತ್ತೆ ನೀಲಿ. ಅಂಗಡಿಯವರು ಕೆಟ್ಟ ಮಾಲು ಕೊಟ್ಟರು ಅಂದುಕೊಂಡೆ. ಅದು ನನ್ನ ತಪ್ಪು. ಚಿಪ್ ಅದೇ, ಬೋರ್ಡ್ ಅದೇ. ಬದಲಾಗಿದ್ದು ಕೋಣೆಯ ಗಾಳಿ ಮಾತ್ರ.

ಯಾಕೆ ಹೀಗಾಯಿತು ಅನ್ನುವುದಕ್ಕೆ ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯೇ ಒಳ್ಳೆಯ ಉದಾಹರಣೆ. ಮುನಿರಾಬಾದಿನ ಜಲಾಶಯದಿಂದ ಹೊರಟ ನೀರು 200 ಕಿಲೋಮೀಟರಿಗೂ ಜಾಸ್ತಿ ಹರಿದು ನಮ್ಮ ಕಡೆಗೆ ಬರಬೇಕು. ಸರದಿ ಪ್ರಕಾರ ತೂಬು ತೆಗೆಯುತ್ತಾರೆ, ಸರದಿ ಮುಗಿದರೆ ಮುಚ್ಚುತ್ತಾರೆ. ತೂಬು ಮುಚ್ಚುವುದರೊಳಗೆ ಕೊನೆಭಾಗದ ಹೊಲಕ್ಕೂ ನೀರು ತಲುಪಿರಬೇಕು. ಮೇಲ್ಭಾಗದ ಗದ್ದೆ ತುಂಬಿ ತುಳುಕಿದರೂ ಕೊನೆಯ ಹೊಲ ಒಣಗಿದ್ದರೆ ಆ ಸರದಿ ಕೆಟ್ಟಿತು ಅಂತಲೇ ಲೆಕ್ಕ.

ಪ್ರೊಸೆಸರ್ ಒಳಗೂ ಸರದಿ ಇದೆ. ಅದಕ್ಕೆ ಕ್ಲಾಕ್ ಎನ್ನುತ್ತಾರೆ. 3.8 ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 380 ಕೋಟಿ ಸರದಿ. ಅಂಥ ಒಂದು ಸರದಿಯಲ್ಲಿ ಬೆಳಕು ಕೂಡ 8 ಸೆಂಟಿಮೀಟರ್ ದಾಟುವುದಿಲ್ಲ. ಅಷ್ಟರೊಳಗೆ ವಿದ್ಯುತ್ ಸಂಕೇತ ಹತ್ತಾರು ಟ್ರಾನ್ಸಿಸ್ಟರ್‌ಗಳನ್ನು ದಾಟಿ ತನ್ನ ಜಾಗ ಸೇರಿರಬೇಕು. ಕೋಟಿಗಟ್ಟಲೆ ದಾರಿಗಳಲ್ಲಿ ಅತಿ ನಿಧಾನದ ದಾರಿ ಯಾವುದೋ, ಚಿಪ್ಪಿನ ವೇಗ ಅಷ್ಟೇ. ಆ ಒಂದು ದಾರಿಯಲ್ಲಿ ಸಂಕೇತ ತಡವಾದರೆ 1 ಇರಬೇಕಾದ ಕಡೆ 0 ಉಳಿಯುತ್ತದೆ. ಆಮೇಲೆ ಬರುವುದೇ ನೀಲಿ ಪರದೆ.

ಕಂಪನಿಯವರು ಸರದಿಯನ್ನು ಸ್ವಲ್ಪ ಉದ್ದವಾಗಿಯೇ ಇಟ್ಟಿರುತ್ತಾರೆ. ಬಿಸಿ ಜಾಸ್ತಿಯಾಗಬಹುದು, ವೋಲ್ಟೇಜ್ ಕುಸಿಯಬಹುದು, ವರ್ಷ ಕಳೆದಂತೆ ಚಿಪ್ ಸವೆಯಬಹುದು. ಅದಕ್ಕೆಲ್ಲ ಜಾಗ ಬಿಟ್ಟಿರುತ್ತಾರೆ. ಓವರ್‌ಕ್ಲಾಕ್ ಮಾಡುವವರು ತಮ್ಮ ಕೆಲಸಕ್ಕೆ ಬಳಸಿಕೊಳ್ಳುವುದು ಈ ಜಾಗವನ್ನೇ. ನಮ್ಮೂರಲ್ಲಿ ಅದೇ ಜಾಗದ ಮೇಲೆ ಬಿಸಿಲಿಗೂ ಕಣ್ಣು. ಡಿಸೆಂಬರಿನಲ್ಲಿ ಅದು ಖಾಲಿ ಕಾಣಿಸಿತ್ತು, ನಾನು ಪೂರ್ತಿ ತೆಗೆದುಕೊಂಡುಬಿಟ್ಟಿದ್ದೆ. ಏಪ್ರಿಲಿನಲ್ಲಿ ಬಿಸಿಲು ತನ್ನ ಪಾಲು ಕೇಳಲು ಬಂತು.

ಬಿಸಿಯಾದಾಗ ತಾಮ್ರದ ಪ್ರತಿರೋಧ ಪ್ರತಿ ಡಿಗ್ರಿಗೆ ಸುಮಾರು 0.4 ಶೇಕಡಾ ಏರುತ್ತದೆ. ಸಿಲಿಕಾನ್ ಒಳಗೆ ಎಲೆಕ್ಟ್ರಾನ್‌ಗಳ ಓಟಕ್ಕೂ ಅಡ್ಡಿ ಹೆಚ್ಚುತ್ತದೆ. ಅಂದರೆ ಕಾಲುವೆಯಲ್ಲಿ ಹರಿವು ನಿಧಾನವಾಗುತ್ತದೆ, ಸರದಿಯ ಉದ್ದ ಮಾತ್ರ ಅಷ್ಟೇ ಇರುತ್ತದೆ. ಆಗ ನಾವೆಲ್ಲ ಮಾಡುವುದು ವೋಲ್ಟೇಜ್ ಏರಿಸುವುದು. ಕಾಲುವೆಗೆ ಜಾಸ್ತಿ ನೀರು ಬಿಟ್ಟ ಹಾಗೆ, ಹರಿವು ಚುರುಕಾಗುತ್ತದೆ. ಆದರೆ ಇದು ಬಲು ದುಬಾರಿ. ಚಿಪ್ ಉಣ್ಣುವ ವಿದ್ಯುತ್ತು ವೇಗ ಏರಿದಷ್ಟೇ ಏರುತ್ತದೆ, ವೋಲ್ಟೇಜ್ ಏರಿದರೆ ಅದರ ವರ್ಗದಷ್ಟು ಏರುತ್ತದೆ. ನನ್ನ ಲೆಕ್ಕ ನೋಡಿ. 3.4ರಿಂದ 3.8, ಅಂದರೆ 12 ಶೇಕಡಾ ವೇಗ. ವೋಲ್ಟೇಜ್ 1.2ರಿಂದ 1.35. ಗುಣಿಸಿದರೆ ಶಾಖ 41 ಶೇಕಡಾ ಜಾಸ್ತಿ! ಒಂದೂಕಾಲು ಗಂಟೆಯ ಎಕ್ಸ್‌ಪೋರ್ಟ್ ಎಂಟು ನಿಮಿಷ ಬೇಗ ಮುಗಿಯಲಿ ಅಂತ ಇಷ್ಟೊಂದು ಶಾಖ.

ಈ ಶಾಖ ಎಲ್ಲಿಗೆ ಹೋಗಬೇಕು? ಶಕ್ತಿನಗರದ ವಿದ್ಯುತ್ ಸ್ಥಾವರವನ್ನು ತಂಪು ಮಾಡಲು ಕೃಷ್ಣೆಯ ನೀರಿದೆ. ನಮ್ಮ ಕ್ಯಾಬಿನೆಟ್ಟಿಗೆ ಇರುವುದು ಕೋಣೆಯ ಗಾಳಿ. ಗಾಳಿಯ ಕೂಲರ್ ಎಷ್ಟೇ ಒಳ್ಳೆಯದಿರಲಿ, ಕೋಣೆಗಿಂತ ತಂಪು ಮಾಡಲಾರದು. ಇಂತಿಷ್ಟು ವ್ಯಾಟಿಗೆ ಚಿಪ್ ಕೋಣೆಗಿಂತ ಇಂತಿಷ್ಟು ಡಿಗ್ರಿ ಮೇಲಿರುತ್ತದೆ, ಅಷ್ಟೇ. ನನ್ನದು 48 ಡಿಗ್ರಿ ಮೇಲಿರುತ್ತಿತ್ತು. ಡಿಸೆಂಬರಿನಲ್ಲಿ ಕೋಣೆ 24, ಚಿಪ್ 72. ಏಪ್ರಿಲಿನಲ್ಲಿ ಮಾಳಿಗೆಯ ಆರ್‌ಸಿಸಿ ಕೋಣೆ 40, ಚಿಪ್ 88. ಬಿಸಿಯಾದ ಟ್ರಾನ್ಸಿಸ್ಟರ್ ಜಾಸ್ತಿ ಸೋರುತ್ತದೆ, ಸೋರಿದ ವಿದ್ಯುತ್ತು ಮತ್ತೆ ಶಾಖವೇ. ಹೀಗೆ 90 ದಾಟುತ್ತಿತ್ತು. ಈ ಚಿಪ್ಪಿನ ಮಿತಿ 95 ಡಿಗ್ರಿ. ಆ ಮಿತಿ ಮುಟ್ಟುವ ಮೊದಲೇ ಕೊನೆಯ ಹೊಲ ಒಣಗಿತ್ತು.

ಇನ್ನೊಂದು ಹಾನಿ ನಿಧಾನವಾಗಿ ಆಗುತ್ತದೆ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಜೋರಾಗಿ ಹರಿಯುವ ನೀರು ಕಾಲುವೆಯ ದಂಡೆ ಕೊರೆಯುವಂತೆ, ಎಲೆಕ್ಟ್ರಾನ್‌ಗಳ ಹೊಡೆತಕ್ಕೆ ತಂತಿಯ ಲೋಹದ ಕಣಗಳೇ ಜಾಗ ಬಿಟ್ಟು ಸರಿಯುತ್ತವೆ. 1969ರಲ್ಲಿ ಜೇಮ್ಸ್ ಬ್ಲ್ಯಾಕ್ ಇದಕ್ಕೆ ಒಂದು ಸಮೀಕರಣ ಕೊಟ್ಟರು. ಅದರ ಪ್ರಕಾರ ಕರೆಂಟ್ ಹೆಚ್ಚಿದರೂ ಬಿಸಿ ಹೆಚ್ಚಿದರೂ ತಂತಿಯ ಆಯಸ್ಸು ಬೇಗ ಬೇಗ ಕುಗ್ಗುತ್ತದೆ. ನಮ್ಮಲ್ಲಿ ಎರಡೂ ಒಟ್ಟಿಗೆ ಬರುತ್ತವೆ.

ಹಾಗಾದರೆ ಅಗ್ಗದ ಚಿಪ್ಪಿನಲ್ಲಿ ಹೆಚ್ಚಿನ ವೇಗ ಅಡಗಿದೆ ಅನ್ನುತ್ತಾರಲ್ಲ, ಅದು ಸುಳ್ಳಾ? ಸುಳ್ಳಲ್ಲ. ನಮ್ಮ ಅಕ್ಕಿ ಗಿರಣಿಗಳಲ್ಲಿ ಒಂದೇ ಭತ್ತದಿಂದ ಬೇರೆ ಬೇರೆ ದರ್ಜೆಯ ಅಕ್ಕಿ ತೆಗೆಯುವಂತೆ, ಒಂದೇ ಸಿಲಿಕಾನ್ ಬಿಲ್ಲೆಯಿಂದ ಬಂದ ಚಿಪ್ಪುಗಳನ್ನು ಪರೀಕ್ಷಿಸಿ ಬೇರೆ ಬೇರೆ ಹೆಸರಲ್ಲಿ ಮಾರುತ್ತಾರೆ. ಅಗ್ಗದ್ದಕ್ಕೆ ಬೇಡಿಕೆ ಜಾಸ್ತಿ ಇದ್ದಾಗ ಒಳ್ಳೆಯದೂ ಅದೇ ಚೀಲಕ್ಕೆ ಹೋಗುತ್ತದೆ. 1998ರ ಇಂಟೆಲ್ ಸೆಲೆರಾನ್ 300ಎ ಇದರಿಂದಲೇ ಹೆಸರು ಮಾಡಿತು. ಚಿಪ್ ಬೋರ್ಡಿನೊಡನೆ ಮಾತಾಡುವ ದಾರಿಯ ವೇಗವನ್ನು (ಬಸ್ ವೇಗ) 66ರಿಂದ 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸ್‌ನ ಚಿಪ್ 450ಕ್ಕೆ ಹೋಗುತ್ತಿತ್ತು. ಅರ್ಧಕ್ಕರ್ಧ ಹೆಚ್ಚು. ಆಮೇಲೆ ಎಎಮ್‌ಡಿಯ ಡ್ಯೂರಾನ್ ಬಂತು. ಅದರ ಮೇಲಿನ ಪುಟ್ಟ ಚುಕ್ಕೆಗಳನ್ನು ಶಾಲೆಯ ಪೆನ್ಸಿಲ್‌ನಿಂದ ಗೀಚಿ ಜೋಡಿಸಿದರೆ ವೇಗಕ್ಕೆ ಕಂಪನಿ ಹಾಕಿದ್ದ ಬೀಗ ತೆರೆಯುತ್ತಿತ್ತು. ಗ್ರಾಫೈಟ್‌ನಲ್ಲಿ ವಿದ್ಯುತ್ ಹರಿಯುತ್ತದಲ್ಲ, ಅದಕ್ಕೆ. ಆ ಕಾಲ ಈಗಿಲ್ಲ. ಹೊಸ ಚಿಪ್ಪುಗಳು ತಂಪು ನೋಡಿಕೊಂಡು ತಾವೇ ವೇಗ ಏರಿಸಿಕೊಳ್ಳುತ್ತವೆ. ನಮಗೆ ಉಳಿಯುವುದು ತುಸುವೇ.

ಅದಕ್ಕೇ ಕಾಂಬೊ ಕೊಳ್ಳುವಾಗ ನಾನು ಈಗ ಪ್ರೊಸೆಸರಿಗಿಂತ ಮೊದಲು ಬೋರ್ಡ್ ನೋಡುತ್ತೇನೆ. ರೈಜೆನ್‌ಗೆ ಬಿ350, ಬಿ450, ಬಿ550 ಬೋರ್ಡುಗಳಲ್ಲಿ ಓವರ್‌ಕ್ಲಾಕ್ ಆಗುತ್ತದೆ. ಎ320, ಎ520ರಲ್ಲಿ ಆಗುವುದಿಲ್ಲ. ಇಂಟೆಲ್‌ನಲ್ಲಿ ಕೊನೆಗೆ ಕೆ ಅಕ್ಷರ ಇರುವ ಚಿಪ್ಪನ್ನು ಓವರ್‌ಕ್ಲಾಕ್ ಮಾಡಲು ಝಡ್ ಬೋರ್ಡೇ ಬೇಕು. ಕೆ ಚಿಪ್ಪನ್ನು ಎಚ್ ಬೋರ್ಡ್ ಜೊತೆ ಕಟ್ಟಿ ಮಾರುವ ಕಾಂಬೊಗಳೂ ಇವೆ. ಅದರಲ್ಲಿ ಕೆ ಅಕ್ಷರಕ್ಕೆ ಕೊಟ್ಟ ಹಣ ಸುಮ್ನೆ ದಂಡ.

ಚಿಪ್ ಕೂರುವ ಸಾಕೆಟ್ ಪಕ್ಕದ ವಿಆರ್‌ಎಮ್ ನೋಡಿ. 12 ವೋಲ್ಟನ್ನು ಒಂದೂಕಾಲು ವೋಲ್ಟಿನ ಆಸುಪಾಸಿಗೆ ಇಳಿಸಿ ಚಿಪ್ಪಿಗೆ ಉಣಿಸುವ ಭಾಗ ಅದು. 1.35 ವೋಲ್ಟಿನಲ್ಲಿ 100 ವ್ಯಾಟ್ ಕೊಡಬೇಕೆಂದರೆ 74 ಆಂಪಿಯರ್. ಮನೆಯಲ್ಲಿ ಏಸಿ ಹಾಕುವ ದೊಡ್ಡ ಪ್ಲಗ್ಗೇ 16 ಆಂಪಿಯರಿನದು, ಅಲ್ವಾ? ಆ ಭಾಗದ ಮೇಲೆ ಶಾಖ ಹೀರುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಇಲ್ಲದ ಬೋರ್ಡನ್ನು ರಾಯಚೂರಿನ ಬೇಸಿಗೆಯಲ್ಲಿ ಓವರ್‌ಕ್ಲಾಕ್ ಮಾಡಬೇಡಿ. ಇದನ್ನು ಖಂಡಿತವಾಗಿ ಹೇಳುತ್ತೇನೆ.

ಹಣ ಕೊಡುವ ಮುಂಚೆ ಚಿಪ್ ಕೈಯಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿ. ಈ ರೈಜೆನ್‌ಗಳ ಎಎಮ್4 ಸಾಕೆಟ್ಟಿನ ಚಿಪ್ಪಿಗೆ 1331 ಪಿನ್ನುಗಳಿವೆ. ಬಾಗಿದ ಪಿನ್ ಇದ್ದರೆ ಸಾಲು ತಪ್ಪಿದ್ದು ಕಾಣುತ್ತದೆ. ತುಕ್ಕು ಹಿಡಿಯದಿರಲಿ ಎಂದು ಅವುಗಳಿಗೆ ಚಿನ್ನದ ಲೇಪ ಇರುತ್ತದೆ. ಹಟ್ಟಿ ಚಿನ್ನದ ಗಣಿ ಇರುವ ಜಿಲ್ಲೆಯವನಾದ ನನಗೆ ಅದನ್ನು ನೋಡುವುದೇ ಒಂದು ಸಂತೋಷ. ಆಮೇಲೆ ಅಂಗಡಿಯ ಮೇಜಿನ ಮೇಲೇ ಆನ್ ಮಾಡಿಸಿ, ಎಲ್ಲ ರ‍್ಯಾಮ್ ಸ್ಲಾಟುಗಳೂ ಕೆಲಸ ಮಾಡುತ್ತವೆಯೇ ನೋಡಿ. ಹಳೆಯ ಬಿ450ಗೆ ರೈಜೆನ್ 5000 ಸರಣಿಯ ಚಿಪ್ ಹಾಕುವುದಾದರೆ ಬಯೋಸ್ ಹೊಸದಾಗಿರಬೇಕು, ಇಲ್ಲದಿದ್ದರೆ ಪರದೆಯೇ ಬರುವುದಿಲ್ಲ. ರ‍್ಯಾಮ್ ಒಂದೇ ಕಡ್ಡಿಯ ಬದಲು ಎರಡು ಹಾಕಿ. ರೈಜೆನ್‌ನಲ್ಲಿ ಇದರಿಂದ ಸಿಗುವ ಲಾಭಕ್ಕೆ ಹೆಚ್ಚಿನ ಶಾಖದ ಬೆಲೆ ತೆರಬೇಕಿಲ್ಲ.

ಮನೆಗೆ ತಂದ ಮೇಲೆ ದೂಳಿನ ಕಾಟ. ಹತ್ತಿಯ ಊರು ನಮ್ಮದು. ಸಣ್ಣ ಎಳೆಗಳು ಹೀಟ್‌ಸಿಂಕಿನ ಸಂದಿಯಲ್ಲಿ ಕಂಬಳಿಯಂತೆ ಕೂರುತ್ತವೆ. ತಿಂಗಳಿಗೊಮ್ಮೆ ಬ್ರಷ್ ಆಡಿಸಿದರೆ ಕೆಲವು ಡಿಗ್ರಿ ಇಳಿಯುತ್ತದೆ. ನೀರಿನ ಏರ್ ಕೂಲರ್ ನಮ್ಮ ಒಣ ಬೇಸಿಗೆಯಲ್ಲಿ ಕೋಣೆಯನ್ನು ಚೆನ್ನಾಗಿ ತಂಪು ಮಾಡುತ್ತದೆ. ಆದರೆ ಕ್ಯಾಬಿನೆಟ್ಟನ್ನು ಅದರ ಬಾಯಿಗೆ ಇಡಬಾರದು, ಹನಿ ಹಾರುತ್ತದೆ.

ಟೆಸ್ಟ್ ಮಾಡಬೇಕಾದದ್ದು ಮೇ ತಿಂಗಳ ಮಧ್ಯಾಹ್ನ 3 ಗಂಟೆಗೆ, ಕಿಟಕಿ ತೆರೆದು, ಕೋಣೆಯ ಏರ್ ಕೂಲರ್ ಆಫ್ ಮಾಡಿ. ಆ ಹೊತ್ತಿಗೆ ಪಾಸಾದ ವೇಗವಷ್ಟೇ ನಿಮ್ಮದು. ನನ್ನ ಬೋರ್ಡಿನ ಬಯೋಸ್‌ನಲ್ಲಿ ಈಗ ಎರಡು ಪ್ರೊಫೈಲ್ ಉಳಿಸಿಟ್ಟಿದ್ದೇನೆ. ಒಂದರ ಹೆಸರು ದೀಪಾವಳಿ: 3.8 ಗಿಗಾಹರ್ಟ್ಸ್, 1.35 ವೋಲ್ಟ್. ಇನ್ನೊಂದು ಯುಗಾದಿ: 3.4 ಗಿಗಾಹರ್ಟ್ಸ್, 1.15 ವೋಲ್ಟ್. ಬೇವು ಬೆಲ್ಲ ತಿಂದು ಬಂದ ಮಧ್ಯಾಹ್ನವೇ ಅದಕ್ಕೆ ಬದಲಾಯಿಸುತ್ತೇನೆ.